ಇಬ್ಬರದೇ ಮೊದಲ ಆಲ್ಬಮ್ ಆದರೆ ಚೆಂಡೆ ಮೊದಲು, ಗಿಟಾರ್ ಆಮೇಲೆ

ಸುರತ್ಕಲ್‌ನಲ್ಲಿ ನೀವು ಇಬ್ಬರೇ, ಒಬ್ಬರದು 7 ತಂತಿಯ ಗಿಟಾರ್, ಇನ್ನೊಬ್ಬರದು ಬಾಸ್ ಮತ್ತು ಕಂಪ್ಯೂಟರಿನಲ್ಲಿ ಡ್ರಮ್ಸ್ ಪ್ರೋಗ್ರಾಮಿಂಗ್. 8 ಹಾಡು ರೆಡಿ ಉಂಟು, ಮೂರರಲ್ಲಿ ಯಕ್ಷಗಾನ ಮೇಳದ ಗೆಳೆಯರ ಚೆಂಡೆ ಬರಬೇಕು. ಈ ಮಳೆಗಾಲದಲ್ಲೇ ಮನೆಯಲ್ಲಿ ರೆಕಾರ್ಡ್ ಮಾಡಬಹುದಾ, ಇದನ್ನು ಮೆಟಲ್ ಅನ್ನಬೇಕಾ ಫ್ಯೂಷನ್ ಅನ್ನಬೇಕಾ ಅಂತ ಕೇಳಿದ್ದೀರಿ.

ಹೆಸರಿನ ತಲೆಬಿಸಿ ಬಿಡಿ ಮಾರಾಯ್ರೇ. ಅಪ್‌ಲೋಡ್ ಮಾಡುವ ದಿನ 'ಪ್ರೋಗ್ರೆಸಿವ್ ಮೆಟಲ್' ಅಂತ ಆರಿಸಿದರೆ ಮುಗಿಯಿತು. ಡ್ರಮ್ಮರ್ ಇಲ್ಲ ಅಂತಲೂ ಸಂಕೋಚ ಬೇಡ. ಮೆಟಲ್ ಬ್ಯಾಂಡ್ ಅನಿಮಲ್ಸ್ ಆಸ್ ಲೀಡರ್ಸ್‌ನ 2009ರ ಮೊದಲ ಆಲ್ಬಮ್ ಹೆಚ್ಚುಕಡಿಮೆ ತೋಸಿನ್ ಅಬಾಸಿ, ಮಿಶಾ ಮನ್ಸೂರ್ ಇಬ್ಬರೇ ಕೂತು ಮಾಡಿದ್ದು, ಡ್ರಮ್ಸ್ ಪ್ರೋಗ್ರಾಮ್ ಮಾಡಿದ್ದೇ. ಮೆಶುಗ್ಗಾ ಬ್ಯಾಂಡಿನವರಂತೂ ಒಳ್ಳೆ ಡ್ರಮ್ಮರ್ ಇದ್ದೂ 2005ರಲ್ಲಿ ಇಡೀ ಆಲ್ಬಮ್ಮಿಗೆ ಹಾಗೆ ಮಾಡಿದರು.

ನಿಮಗೆ ಕಷ್ಟ ಕೊಡುವುದು ಚೆಂಡೆ. ಕಟಪಾಡಿಯ ನಮ್ಮ ಹಂಚಿನ ಮನೆಯಲ್ಲಿ ನಾನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು. ಗಿಟಾರ್ ಪೂರ್ತಿ ಕ್ಲಿಕ್ಕಿಗೆ (ಹೆಡ್‌ಫೋನಿನಲ್ಲಿ ಒಂದೇ ವೇಗದಲ್ಲಿ ಬರುವ ಟಿಕ್ ಟಿಕ್) ಬಾರಿಸಿ ಇಟ್ಟಿದ್ದೆ, 7/8ರಲ್ಲಿ. ಯಕ್ಷಗಾನದ ತ್ರಿವುಡೆ ತಾಳಕ್ಕೂ 7 ಅಕ್ಷರ ಅಲ್ವಾ, ಸುಮ್ನೆ ಕೂತುಕೊಳ್ಳುತ್ತದೆ ಅಂದುಕೊಂಡೆ. ಚೆಂಡೆಯವರು ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಆವರ್ತ ಬಾರಿಸಿ ಕೋಲು ಕೆಳಗಿಟ್ಟರು. "ಈ ಟಿಕ್ ಟಿಕ್ ಕೇಳಿದರೆ ಕೈ ಏಳುವುದಿಲ್ಲ" ಅಂದರು. ಲೆಕ್ಕ ಸರಿ ಇತ್ತು, ಲಯ ಇರಲಿಲ್ಲ. ಬಿಡ್ತಿಗೆ ಅನ್ನುವ ಚೆಂಡೆಯ ನುಡಿತದ ಹೊತ್ತಿಗೆ ಅವರ ಕೈ ಸ್ವಲ್ಪ ಮುಂದೆ ಓಡುತ್ತದೆ, ಕ್ಲಿಕ್ ಓಡುವುದಿಲ್ಲ.

ಹಾಗಾಗಿ ಆ ಮೂರು ಹಾಡಿಗೆ ಯಾರಾದರೂ ಎದುರು ಕೂತು ತಾಳ ಹಾಕಲಿ, ಚೆಂಡೆ ಮೊದಲು ಬಾರಿಸಲಿ. ಆಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒಂದೊಂದು ಟೆಂಪೊ ಮಾರ್ಕರ್ (ವೇಗದ ಗುರುತು) ಹಾಕಿ. ಬೇಸರದ ಕೆಲಸ, ಒಂದು ಹಾಡಿಗೆ ನನಗೆ ಒಂದು ಇಡೀ ಸಂಜೆ ಹೋಯಿತು. ಆದರೆ ಆಮೇಲೆ ಡ್ರಮ್ಸ್, ಗಿಟಾರ್ ಎಲ್ಲ ಚೆಂಡೆಯ ಹಿಂದೆ ತಾನಾಗಿ ಬರುತ್ತದೆ. ಉಳಿದ ಐದು ಹಾಡಿಗೆ ಕ್ಲಿಕ್ಕೇ ಸಾಕು.

ಮಳೆಯಲ್ಲಿ ಮಾತ್ರ ಬೇಡ. ತಂಡಿಗೆ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ. ನಮ್ಮ ಬೆಳಗಿನ ಟೇಕಿಗೆ ಸಂಜೆಯದು ಜೋಡಿಸಿದರೆ ಬೇರೆ ಚೆಂಡೆ ಅನ್ನಿಸುತ್ತಿತ್ತು. ಒಂದು ಹಾಡು ಒಂದೇ ಕೂರಿಕೆಯಲ್ಲಿ ಮುಗಿಸಿ. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾದರೆ ನಿಮ್ಮ ಗೆಳೆಯರು ರಾತ್ರಿ ಆಟ, ಹಗಲು ನಿದ್ದೆ. ಮಳೆ ಕಮ್ಮಿಯಾಗಿ ತಿರುಗಾಟ ಶುರುವಾಗುವ ಮೊದಲು ಸಿಗುವ ಕೆಲವೇ ವಾರ ನಿಮ್ಮದು, ಈಗಲೇ ದಿನ ಹೇಳಿಡಿ.

ಮೈಕ್ ಚರ್ಮದಿಂದ ಒಂದು ಮೊಳ ದೂರ ಇರಲಿ, ಇನ್ನೊಂದು ಆರು ಅಡಿ ಹಿಂದೆ. ಲೆವೆಲ್ ನೋಡುವಾಗ 'ಚೆಕ್ ಚೆಕ್' ಅಲ್ಲ, ಅವರ ಅತಿ ಜೋರಿನ ಉರುಳಿಕೆಯನ್ನೇ ಕೇಳಿ, ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಇಡಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಡಿ, ಪ್ರಯೋಜನ ಇಲ್ಲ. ಹಳೆ ಹತ್ತಿ ಹಾಸಿಗೆ ನಾಲ್ಕು ಒರಗಿಸಿದರೆ ಎಷ್ಟೋ ಮೇಲು.

ಗಿಟಾರ್ ಮನೆಯಲ್ಲೇ ಆಗುತ್ತದೆ. ಆಂಪ್ ಇಲ್ಲದೆ ನೇರ ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿಗೆ ಹಾಕಿ, 24 ಬಿಟ್, 48 ಕಿಲೋಹರ್ಟ್ಸ್. ಟೋನ್ ಆಮೇಲೆ ಬದಲಿಸಬಹುದು. ಪ್ರತಿ ರಿಫ್ ನಿಜವಾಗಿ ಎರಡು ಸಲ ಬಾರಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ. ಕಾಪಿ ಮಾಡಿದರೆ ಅಗಲ ಆಗುವುದಿಲ್ಲ, ಬರೀ ಜೋರಾಗುತ್ತದೆ. ಕೆಳಗಿನ ಬಿ ತಂತಿ 62 ಹರ್ಟ್ಸ್‌ ಆಸುಪಾಸು ಇರುತ್ತದೆ, ಅದರ ಆಸೆಗೆ ಬೀಳದೆ ಗಿಟಾರನ್ನು 80ರ ಕೆಳಗೆ ಕತ್ತರಿಸಿ, ಆ ಜಾಗ ಬಾಸಿಗೆ ಬಿಡಿ. ಚೆಂಡೆ ಬರುವಲ್ಲಿ 3 ಕಿಲೋಹರ್ಟ್ಸ್ ಹತ್ತಿರ ಗಿಟಾರನ್ನು ಚೂರು ತಗ್ಗಿಸಿ, ಇಲ್ಲದಿದ್ದರೆ ಕೋಲಿನ ಪೆಟ್ಟೂ ಪಿಕ್ಕಿನ ಪೆಟ್ಟೂ ಜಗಳಕ್ಕೆ ನಿಲ್ಲುತ್ತವೆ.

ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಮೇಲಿನ ಕೊನೆಯ ಹದ, ಬೇರೆಯವರಿಗೆ ಕೊಡಿ, ನಿಮ್ಮ ಕಿವಿ ಅಷ್ಟರಲ್ಲಿ ಸೋತಿರುತ್ತದೆ. ಜಾಸ್ತಿ ಜೋರು ಮಾಡಿಸಬೇಡಿ, ಸ್ಪಾಟಿಫೈ ಹೇಗೂ ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಇಳಿಸುತ್ತದೆ. ಚೆಂಡೆಯವರಿಗೆ ದುಡ್ಡು ಅದೇ ದಿನ ಕೊಡಿ, ಹೆಸರು ನಿಮ್ಮಿಬ್ಬರ ಹೆಸರಿನ ಸಾಲಿನಲ್ಲೇ ಹಾಕಿ.

ಮೂರರಲ್ಲಿ ಒಂದರ ಮೊಬೈಲ್ ರೆಕಾರ್ಡಿಂಗ್ ಇದ್ದರೂ ಇಲ್ಲಿ ಹಾಕಿ, ಯಾವ ಮೈಕ್ ಬಾಡಿಗೆಗೆ ತರಬೇಕು ಅಂತ ಕೇಳಿ ಹೇಳುತ್ತೇನೆ.