ಸೂರ್ಯನ ರಾಶಿ ಬದಲಾದರೆ ನಮ್ಮ ದಿನಚರಿಯೂ ಬದಲಾಗುತ್ತದೆಯೇ?

ಸೂರ್ಯನು ರಾಶಿಯಿಂದ ರಾಶಿಗೆ ಸಾಗಿದಂತೆ ನಮ್ಮ ನಿದ್ರೆ, ಉತ್ಸಾಹ, ಮನಃಸ್ಥಿತಿಗಳು ಬದಲಾಗುತ್ತವೆಯೇ ಎಂಬುದು ಪ್ರಶ್ನೆ. ವರ್ಷದುದ್ದಕ್ಕೂ ಇಂಥ ಏರಿಳಿತಗಳನ್ನು ಅನೇಕರು ಅನುಭವಿಸುವುದು ನಿಜ. ಆದರೆ ಅವುಗಳ ಕಾರಣವನ್ನು ಋತುವಿನಲ್ಲಿ ಹುಡುಕಬೇಕೆಂದು ನನ್ನ ದೃಢ ಅಭಿಪ್ರಾಯ.

ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ವಾಲಿರುವುದರಿಂದ ಹಗಲಿನ ಅವಧಿ ಹೆಚ್ಚುಕಡಿಮೆಯಾಗುತ್ತದೆ. ಬೆಳಗಿನ ಬೆಳಕು ಅಕ್ಷಿಪಟಲವನ್ನು ತಲುಪಿದಾಗ ದೇಹಕ್ಕೆ ರಾತ್ರಿಯ ಸೂಚನೆ ನೀಡುವ ಮೆಲಟೋನಿನ್ ಹಾರ್ಮೋನಿನ ಸ್ರವಿಕೆ ತಗ್ಗುತ್ತದೆ. ಸಮಭಾಜಕ ವೃತ್ತದಿಂದ ದೂರದ ಪ್ರದೇಶಗಳಲ್ಲಿ ಚಳಿಗಾಲದ ಸೂರ್ಯೋದಯ ಬಹಳ ತಡವಾಗುವುದರಿಂದ ನಿದ್ರೆ-ಎಚ್ಚರಗಳ ಈ ಲಯವೇ ಹಿಂದೆ ಬಿದ್ದು, ಕೆಲವರಿಗೆ ಎದ್ದ ಮೇಲೂ ಮಂಪರು ಬಿಡುವುದಿಲ್ಲ. ಪ್ರತಿವರ್ಷ ಒಂದೇ ಋತುವಿನಲ್ಲಿ ಮರುಕಳಿಸುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ವಿವರಿಸಿದರು. ಅದಕ್ಕೆ ಬೆಳಕಿನ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ.

ರಾಶಿಯೇ ಕಾರಣವೆಂಬ ವಾದವನ್ನು ಪರೀಕ್ಷಿಸಲು ದಕ್ಷಿಣಾರ್ಧಗೋಳದತ್ತ ನೋಡಿದರೆ ಸಾಕು. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು 8 ಗಂಟೆಗಿಂತ ಕಡಿಮೆ, ಸಿಡ್ನಿಯದು 14 ಗಂಟೆಗಿಂತ ಹೆಚ್ಚು. ಸೂರ್ಯನ ರಾಶಿ ಮಾತ್ರ ಎರಡೂ ಕಡೆ ಒಂದೇ. ಅಲ್ಲದೆ ಭೂಮಿಯ ಅಕ್ಷದ ದಿಕ್ಕು ಸುಮಾರು 72 ವರ್ಷಕ್ಕೆ 1 ಡಿಗ್ರಿಯಂತೆ ಸರಿಯುತ್ತಿರುವುದರಿಂದ ಋತುಚಕ್ರವನ್ನು ಆಧರಿಸಿ ರಾಶಿ ಎಣಿಸುವ ಸಾಯನ ಮತ್ತು ಸ್ಥಿರ ನಕ್ಷತ್ರಗಳನ್ನು ಆಧರಿಸಿ ಎಣಿಸುವ ನಿರಯನ ಪದ್ಧತಿಗಳ ನಡುವೆ ಈಗ ಸುಮಾರು 24 ಡಿಗ್ರಿ ಅಂತರವಿದ್ದು, ಒಬ್ಬರೇ ವ್ಯಕ್ತಿಗೆ ಅವು ಹೆಚ್ಚಾಗಿ ಬೇರೆ ಬೇರೆ ಸೂರ್ಯರಾಶಿಗಳನ್ನು ಹೇಳುತ್ತವೆ. ಋತುಗಳ ಲೆಕ್ಕವಿಡಲು ರಾಶಿಚಕ್ರವು ಅಮೂಲ್ಯ ಸಾಧನವಾಗಿತ್ತು, ಆ ಗೌರವ ಅದಕ್ಕೆ ಸಲ್ಲಲೇಬೇಕು. ಆದರೆ ಪ್ರತಿವರ್ಷ ಅದೇ ತಿಂಗಳುಗಳಲ್ಲಿ ಮನಸ್ಸು ಕುಗ್ಗುತ್ತಿದ್ದರೆ ಜಾತಕ ತೋರಿಸುತ್ತ ಕಾಲ ಕಳೆಯದೆ ದಯವಿಟ್ಟು ವೈದ್ಯರನ್ನು ಕಾಣಿರಿ.