ಹಳೆಯ ವಿಡಿಯೋ ಗೇಮ್ ಆಡಲು ಎಮ್ಯುಲೇಟರ್ ಹಾಕಿಕೊಂಡರೆ ಕಾನೂನು ಪ್ರಕಾರ ತಪ್ಪಾ?

ಎಮ್ಯುಲೇಟರ್ ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದು ಹಳೆಯ ಕನ್ಸೋಲ್‌ನಂತೆ, ಅಂದರೆ ಗೇಮ್ ಆಡುವ ಯಂತ್ರದಂತೆ ನಡೆದುಕೊಳ್ಳುವ ಸಾಫ್ಟ್‌ವೇರ್, ಅಷ್ಟೇ. ತನ್ನ ಪ್ಲೇಸ್ಟೇಷನ್ ಗೇಮ್‌ಗಳನ್ನು ಎಮ್ಯುಲೇಟರ್ ಮೂಲಕ ಮ್ಯಾಕ್ ಕಂಪ್ಯೂಟರ್‌ನಲ್ಲಿ ಆಡಿಸಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಕೇಸ್ ಹಾಕಿತ್ತು. 2000ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಕನೆಕ್ಟಿಕ್ಸ್ ಪರವಾಗಿಯೇ ತೀರ್ಪು ಕೊಟ್ಟಿತು.

ತಕರಾರು ಇರುವುದು ಎಮ್ಯುಲೇಟರ್‌ನಲ್ಲಿ ಆಡಲು ನೆಟ್‌ನಿಂದ ಇಳಿಸಿಕೊಳ್ಳುವ ಗೇಮ್ ಫೈಲ್‌ನಲ್ಲಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇವತ್ತಿಗೂ ನಿಂಟೆಂಡೊದ ಸೊತ್ತು. ‘ಹಳೇದು, ಅಂಗಡೀಲಿ ಸಿಗಲ್ಲ’ ಅಂದರೆ ಕಾನೂನು ಕೇಳುವುದಿಲ್ಲ. ಕನ್ಸೋಲ್‌ನ ಬಯಾಸ್ ಫೈಲ್ (ಕನ್ಸೋಲ್ ಶುರುವಾಗಲು ಬೇಕಾದ ಅದರೊಳಗಿನ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡಿದರೂ ಅದೇ ಕತೆ.

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಚಿಕ್ಕದೊಂದು ಸಂದು ಇದೆ. ಕಾನೂನುಬದ್ಧವಾಗಿ ನಿಮ್ಮ ಕೈಯಲ್ಲಿರುವ ಪ್ರೋಗ್ರಾಂ ಹಾಳಾಗಬಾರದೆಂದು ಬ್ಯಾಕಪ್ ಇಟ್ಟುಕೊಳ್ಳಬಹುದು, ಅದೂ ಪ್ರೋಗ್ರಾಂ ಯಾವ ಉದ್ದೇಶಕ್ಕೆ ಕೊಟ್ಟದ್ದೋ ಅದಕ್ಕೆ ಮಾತ್ರ. ಬೇರೆಯವರು ಅಪ್‌ಲೋಡ್ ಮಾಡಿದ್ದನ್ನು ಇಳಿಸಿಕೊಂಡು ‘ಬ್ಯಾಕಪ್’ ಅನ್ನುವುದು ಸುಮ್ನೆ ನೆಪ, ಅಲ್ವಾ?

ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿ ಇನ್ನೂ ಒಂದು ಹಳದಿ ಕ್ಯಾಸೆಟ್ ಇದೆ. ಅಪ್ಪ ಸ್ಟೇಷನ್ ಹತ್ತಿರ ಕೊಡಿಸಿದ್ದು. ಮೇಲೆ ‘9999 ಇನ್ 1’ ಅಂತ ಚೀಟಿ, ಒಳಗೆ ಹತ್ತೋ ಹನ್ನೆರಡೋ ಗೇಮ್, ಅವೇ ತಿರುಗಿ ತಿರುಗಿ ಬರುತ್ತವೆ. ದುಡ್ಡು ಕೊಟ್ಟಿದ್ದೇವೆ ನಿಜ. ಆದರೆ ಮಾಲೇ ಪೈರೇಟೆಡ್, ಹಾಗಾಗಿ ಬ್ಯಾಕಪ್ ಹಕ್ಕು ಅದಕ್ಕಿಲ್ಲ.

ಪೈರೇಟೆಡ್ ಎಂದು ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ ಅದೇ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್‌ನಲ್ಲಿ 7 ದಿನದಿಂದ 3 ವರ್ಷ ಜೈಲು. ಲಾಭಕ್ಕಲ್ಲದಿದ್ದರೆ ಕೋರ್ಟ್ ಜೈಲು ಬಿಟ್ಟು ₹50,000ದವರೆಗಿನ ದಂಡಕ್ಕೇ ಮುಗಿಸಬಹುದು.