ಎಡಗೈ ಮಗಳು, ಬಲದಿಂದ ಶುರುವಾಗುವ ರಂಗೋಲಿ

ಪ್ರಶ್ನೆ: ಮೇಡಂ, ಮಗಳು ಎರಡನೇ ಕ್ಲಾಸು. ಎಲ್ಲದಕ್ಕೂ ಎಡಗೈಯೇ ಮುಂದೆ. ಅತ್ತೆಗೆ ಇದು ಹಿಡಿಸುವುದಿಲ್ಲ. ಊಟಕ್ಕೆ ಕೂತಾಗ, ಬರೆಯುವಾಗ ಗದರುತ್ತಾರೆ. ಪಕ್ಕದ ಮನೆಯವರು ನೋಡಿದರೆ "ಎಡಚರು ಬಲು ಬುದ್ಧಿವಂತರು, ಕಲೆ ಹುಟ್ಟಿನಿಂದಲೇ ಬಂದಿರುತ್ತೆ, ಡ್ರಾಯಿಂಗ್ ಕ್ಲಾಸಿಗೆ ಹಾಕಿ" ಅನ್ನುತ್ತಾರೆ. ರಂಗೋಲಿ ಚುಕ್ಕಿಯನ್ನೂ ಬಲಗಡೆಯಿಂದ ಇಡುತ್ತಾಳೆ, ತಿದ್ದಿದರೆ ಕೇಳಲ್ಲ. ಏನು ಮಾಡಲಿ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ ರಂಗೋಲಿ ತಿದ್ದುವುದನ್ನು ನಿಲ್ಲಿಸಿ. ಅವಳು ಮಾಡುತ್ತಿರುವುದು ಸರಿಯಾಗಿಯೇ ಇದೆ. ನೀವು ಎಡದಿಂದ ಬಲಕ್ಕೆ ಚುಕ್ಕಿ ಇಡುತ್ತಾ ಹೋದರೆ ಇಟ್ಟ ಚುಕ್ಕಿ ನಿಮ್ಮ ಕೈಗೆ ಸಿಗದೆ ಹಿಂದೆ ಉಳಿಯುತ್ತದೆ. ಅವಳೂ ಹಾಗೇ ಮಾಡಿದರೆ ಎಡಗೈ ಚುಕ್ಕಿಗಳ ಮೇಲೇ ಹಾದುಹೋಗಬೇಕು. ಪುಡಿ ಅಳಿಸುತ್ತದೆ, ಎಳೆದ ಎಳೆ ಕಾಣುವುದಿಲ್ಲ. ಯಾರೂ ಹೇಳಿಕೊಡದೆ ಅಷ್ಟು ಚಿಕ್ಕ ಹುಡುಗಿ ಇದಕ್ಕೊಂದು ದಾರಿ ಹುಡುಕಿಕೊಂಡಿದ್ದಾಳೆ! ಲಿಯೊನಾರ್ಡೊ ಡ ವಿಂಚಿ ಕೂಡ ಎಡಗೈಯವನು. ತನ್ನ ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ, ಕನ್ನಡಿ ಹಿಡಿದರೆ ಓದಲು ಬರುವ ಹಾಗೆ ಬರೆದಿಟ್ಟಿದ್ದಾನೆ.

ಹಾಗಂತ ಪಕ್ಕದ ಮನೆಯವರ ಮಾತನ್ನು ಪೂರ್ತಿ ಒಪ್ಪಬೇಡಿ. ಜಗತ್ತಿನಲ್ಲಿ ನೂರಕ್ಕೆ ಸುಮಾರು 10 ಜನ ಎಡಗೈಯವರು. ಅವರೆಲ್ಲ ಕಲಾವಿದರಲ್ಲ, ಅಲ್ವಾ? ಮಿದುಳಿನ ಎರಡು ಭಾಗಗಳ ಕೆಲಸದಲ್ಲಿ ವ್ಯತ್ಯಾಸ ಇದೆ ಎಂದು ತೋರಿಸಿದ ರೋಜರ್ ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂತು. ಆ ಕೆಲಸವನ್ನೇ ಹಿಗ್ಗಿಸಿ "ಎಡಮಿದುಳು ಲೆಕ್ಕಕ್ಕೆ, ಬಲಮಿದುಳು ಕಲೆಗೆ, ಎಡಗೈಯವರದ್ದು ಬಲಮಿದುಳು" ಎಂದು ಹೇಳುವವರು ಜಾಸ್ತಿ. ನಿಜ ಏನೆಂದರೆ, ಚಿತ್ರ ಬರೆದರೂ ಲೆಕ್ಕ ಮಾಡಿದರೂ ಎರಡೂ ಭಾಗ ಒಟ್ಟಿಗೆ ದುಡಿಯುತ್ತವೆ. ಎಡಗೈಯವರಲ್ಲೂ ನೂರಕ್ಕೆ ಸುಮಾರು 70 ಜನರಿಗೆ ಮಾತನ್ನು ನೋಡಿಕೊಳ್ಳುವುದು ಎಡಮಿದುಳೇ. ನೀನು ಹುಟ್ಟಾ ಕಲಾವಿದೆ ಅಂತ ಮಗುವಿನ ತಲೆಗೆ ತುಂಬಿದರೆ ಅದೂ ಒಂದು ಹೊರೆಯೇ. ಡ್ರಾಯಿಂಗ್ ಕ್ಲಾಸು ಅವಳಾಗಿ ಕೇಳಿದರೆ ಇರಲಿ. ಊರಲ್ಲೇ ದೃಶ್ಯಕಲಾ ಕಾಲೇಜಿದೆ. ಅಲ್ಲಿ ಚಿತ್ರಪ್ರದರ್ಶನ ನಡೆದಾಗ ಕರೆದುಕೊಂಡು ಹೋಗಿ, ಸುಮ್ನೆ ನೋಡಲಿ.

ನನಗೆ ಮುಖ್ಯ ಅನ್ನಿಸುವುದು ಬೇರೆ. ಬಲಗೈಯವರಿಗೆಂದು ಮಾಡಿದ ವಸ್ತುಗಳ ನಡುವೆ ಎಡಗೈ ಮಗು ದಿನಾ ಬೆಳಗಾದರೆ ತನ್ನದೇ ಉಪಾಯ ಹುಡುಕಬೇಕು. ಕತ್ತರಿಯನ್ನೇ ನೋಡಿ. ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಿಗೆ ಎರಡು ಅಲಗೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ಕತ್ತರಿ ಎಡಗೈಗೆ ಬಂದರೆ ಆ ಒತ್ತು ಅಲಗುಗಳನ್ನು ದೂರ ತಳ್ಳುತ್ತದೆ, ಕಾಗದ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ. ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. "ಕೈ ಸೂಕ್ಷ್ಮ ಇಲ್ಲ" ಅಂತ ಬೈಸಿಕೊಳ್ಳುವ ಎಷ್ಟೋ ಮಕ್ಕಳ ತಪ್ಪು ಕತ್ತರಿಯದ್ದು. ಎಡಗೈ ಕತ್ತರಿ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಡಿ. ಆದರೆ ಎಲ್ಲ ತೊಡಕನ್ನೂ ನೀವೇ ಬಿಡಿಸಬೇಡಿ. "ಇದನ್ನ ಬೇರೆ ಹೇಗೆ ಮಾಡಬಹುದು, ನೀನೇ ಹೇಳು" ಅಂತ ಕೇಳಿ, ಅವಳು ಹೇಳಿದ ಹಾಗೆ ನೀವೂ ಒಮ್ಮೆ ಮಾಡಿ ನೋಡಿ. ಹೊಸದಾಗಿ ಯೋಚಿಸುವ ಶಕ್ತಿ ಬೆಳೆಯುವುದು ಈ ಅಭ್ಯಾಸದಿಂದ. ಬಲಗೈ ಮಕ್ಕಳಿಗೂ ಇದೇ ಮಾತು ಹೇಳುತ್ತೇನೆ.

ಬರವಣಿಗೆಗೆ ಇಷ್ಟು ಮಾಡಿ. ಪುಸ್ತಕ ಮೈಯ ನೇರಕ್ಕಿಂತ ಸ್ವಲ್ಪ ಎಡಕ್ಕಿರಲಿ. ಎಡಗಡೆಯ ಮೇಲಿನ ಮೂಲೆ ಎತ್ತರಕ್ಕೆ ಬರುವ ಹಾಗೆ ಓರೆ ಮಾಡಿ. ಪೆನ್ಸಿಲನ್ನು ತುದಿಯಿಂದ ಮೂರು ಸೆಂಟಿಮೀಟರ್ ಮೇಲೆ ಹಿಡಿದರೆ ಬರೆದ ಅಕ್ಷರ ಕಾಣುತ್ತದೆ, ಮಣಿಕಟ್ಟು ಕೊಕ್ಕೆಯ ಹಾಗೆ ಬಾಗುವುದಿಲ್ಲ. ಬೆಳಕು ಬಲಗಡೆಯಿಂದ ಬೀಳಲಿ. ಶಾಲೆಯಲ್ಲಿ ಬೆಂಚಿನ ಎಡತುದಿಯಲ್ಲಿ ಕೂರಿಸಲು ಟೀಚರಿಗೆ ಹೇಳಿ, ಪಕ್ಕದವರ ಮೊಣಕೈ ತಾಗುವುದು ತಪ್ಪುತ್ತದೆ. ಈ ವಯಸ್ಸಿನಲ್ಲಿ ಒಂದೆರಡು ಅಕ್ಷರ ಉಲ್ಟಾ ಬರೆದರೆ ಗಾಬರಿ ಬೇಡ, ಬಲಗೈ ಮಕ್ಕಳೂ ಬರೆಯುತ್ತಾರೆ.

ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ. ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಮಗು ಒಂದು ಕೈಯ ಹೆಬ್ಬೆರಳನ್ನೇ ಹೆಚ್ಚು ಚೀಪುವುದು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ, ಇದು ಹಟ ಅಲ್ಲ ಅಂತ ಸಮಾಧಾನವಾಗಿ ತಿಳಿಸಿ. ಊಟ, ಪ್ರಸಾದದ ವಿಷಯದಲ್ಲಿ ಹಿರಿಯರ ಮನಸ್ಸು ನನಗೂ ಅರ್ಥವಾಗುತ್ತದೆ. ಪ್ರಸಾದಕ್ಕೆ ಬಲಗೈ ಒಡ್ಡುವುದನ್ನು ಅಕ್ಕರೆಯಿಂದ ಕಲಿಸಿದರೆ ಮಗು ಕಲಿಯುತ್ತದೆ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟ್ ಮಾಡಿದ್ದು ಬಲಗೈಯಲ್ಲಿ! ಆದರೆ ಬರೆಯುವ ಕೈಯನ್ನು ಮಾತ್ರ ಯಾರೂ ಮುಟ್ಟಬಾರದು. ಕೈ ಬದಲಿಸಿದ ಮಗುವಿನ ಗಮನವೆಲ್ಲ ಕೈ ಮೇಲೇ ಹೋಗುತ್ತದೆ, ಏನು ಬರೆಯಬೇಕು ಅನ್ನುವುದು ಹಿಂದೆ ಬೀಳುತ್ತದೆ.

ಇನ್ನೊಂದು ಮಾತು, ಪುಟ್ಟ ಕೂಸು ಇರುವವರಿಗೆ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದು, ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟುಕೊಂಡಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನನ್ನದು ಫ್ಲೆಕ್ಸ್ ಡಿಸೈನ್ ಅಂಗಡಿ. ಚಿಕ್ಕಂದಿನಲ್ಲಿ ಹೊಡೆದು ಬಲಗೈಗೆ ಬದಲಿಸಿದರು. ಡಿಸೈನ್ ಹೊಳೆಯದಿದ್ದಾಗ ಎಡಗೈಯಲ್ಲಿ ಗೀಚಬೇಕು ಅನ್ನಿಸುತ್ತದೆ. ವಯಸ್ಸು 40 ದಾಟಿತು, ಈಗ ಆಗುತ್ತಾ?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಖಂಡಿತ ಆಗುತ್ತದೆ. ನಿಮ್ಮ ಹಾಗೆ ಕೈ ಬದಲಿಸಿಕೊಂಡವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ. ಎಷ್ಟೋ ವರ್ಷ ಬಲಗೈಯಲ್ಲಿ ಬರೆದ ಮೇಲೂ ಹುಟ್ಟಿನ ಎಡಗೈ ಒಲವಿನ ಗುರುತು ಅಲ್ಲಿ ಉಳಿದಿರುತ್ತದೆ. ಕಸ್ಟಮರ್ ಕೆಲಸದಲ್ಲಿ ಬೇಡ, ಮೊದಲು ರಫ್ ಕಾಗದದ ಮೇಲೆ ಶುರು ಮಾಡಿ. ಏಳುಸುತ್ತಿನ ಕೋಟೆ ನಿಮ್ಮೂರಲ್ಲೇ ಇದೆ. ಬೆಳಿಗ್ಗೆ ಹೋಗಿ ಗೋಡೆಯ ಕಲ್ಲುಗಳನ್ನು ಎಡಗೈಯಲ್ಲಿ ಬರೆಯಿರಿ. ಕೈ ನಿಧಾನವಾಗುವುದರಿಂದ ಒಂದೊಂದು ಕಲ್ಲಿನ ಅಂಚನ್ನೂ ನೋಡಲೇಬೇಕಾಗುತ್ತದೆ. ಅಭ್ಯಾಸದ ಗೆರೆ ಬರುವುದಿಲ್ಲ, ಹೊಸ ಆಕಾರಗಳು ಸಿಗುತ್ತವೆ. ಅಂಗಡಿಯಲ್ಲಿ ಮೌಸನ್ನು ಎಡಗಡೆಗೆ ಇಟ್ಟು ನೋಡಿ, ಬಟನ್ ಅದಲುಬದಲು ಮಾಡುವ ಸೌಲಭ್ಯ ಕಂಪ್ಯೂಟರಿನ ಸೆಟ್ಟಿಂಗಿನಲ್ಲೇ ಇದೆ. ಬ್ಯಾಂಕಿನ ಸಹಿ ಮಾತ್ರ ಬಲಗೈಯದ್ದೇ ಇರಲಿ, ಹೊಂದದಿದ್ದರೆ ಚೆಕ್ ವಾಪಸ್ ಬರುತ್ತದೆ.